ಎಂಟನೇ ತರಗತಿಯ ಇತಿಹಾಸ ಪಾಠದಲ್ಲಿ ಚಿತ್ರಕಥೆಗಳನ್ನು ಬಳಸುವುದು ಹೇಗೆ? ಆಟ, ಸಿನಿಮಾ ಸುದ್ದಿಗಳಿಗೂ ಅಲ್ಲಿ ಜಾಗವಿದೆಯೇ?

ವೇದಾವತಿ ತೀರ (ಹಿರಿಯೂರು ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಎಂಟನೇ ತರಗತಿಯಲ್ಲಿ ಪಠ್ಯಪುಸ್ತಕದ ಒಂದು ಪುಟವನ್ನು ತಡವರಿಸದೆ ಓದಿ, ಓದಿದ್ದನ್ನು ತಮ್ಮ ಮಾತಿನಲ್ಲಿ ಹೇಳಬಲ್ಲ ಮಕ್ಕಳು ಕಡಿಮೆ. ಆದರೆ ಗ್ರಂಥಾಲಯದ ಟ್ರಂಕಿನಲ್ಲಿ ಬಿದ್ದಿದ್ದ ಹಳೆಯ ಚಿತ್ರಕಥೆಗಳನ್ನು ಹೊರಗಿಟ್ಟಾಗ ಇದೇ ಮಕ್ಕಳು ಬಿಸಿಯೂಟದ ಗಂಟೆ ಹೊಡೆದರೂ ಏಳದೆ ಓದುತ್ತಾರೆ. ಮೌರ್ಯರ ಪಾಠಕ್ಕೆ ಈ ಸಲ ಚಿತ್ರಕಥೆಯನ್ನು ಬಳಸಬೇಕೆಂದಿದ್ದೇನೆ. ಹಿರಿಯ ಸಹೋದ್ಯೋಗಿಗಳು ಮಾತ್ರ, "ಚಿತ್ರ ನೋಡುವುದನ್ನು ರೂಢಿ ಮಾಡಿಸಿದರೆ ಎಸ್ಸೆಸ್ಸೆಲ್ಸಿಗೆ ಬಂದಾಗ ಪ್ರಶ್ನೆಪತ್ರಿಕೆ ಓದುವುದಕ್ಕೂ ಒದ್ದಾಡುತ್ತಾರೆ" ಎನ್ನುತ್ತಾರೆ. ಅವರ ಆತಂಕವನ್ನು ಸುಮ್ಮನೆ ತಳ್ಳಿಹಾಕುವ ಮನಸ್ಸು ನನಗಿಲ್ಲ.

ಇನ್ನೊಂದು ವಿಷಯವೂ ಇದೆ. ವಿರಾಮದಲ್ಲಿ ಮಕ್ಕಳ ಮಾತೆಲ್ಲ ಮೊಬೈಲ್ ಆಟ, ಹೊಸ ಸಿನಿಮಾದ ಟೀಸರ್, ಯಾವ ಆಟ ಬ್ಯಾನ್ ಆಯಿತು, ಯಾವುದು ಮರಳಿ ಬಂತು ಎಂಬುದರ ಸುತ್ತಲೇ ಇರುತ್ತದೆ. ಈ ಸುದ್ದಿಗಳನ್ನು ಪಾಠದೊಳಗೆ ತರಬಹುದೇ, ತಂದರೆ ಪಾಠವೇ ದಾರಿ ತಪ್ಪುತ್ತದೆಯೇ? ಪ್ರತಿಗಳು ಕಡಿಮೆ, ಮಕ್ಕಳು ಹೆಚ್ಚು, ಅವಧಿ ಚಿಕ್ಕದು. ತರಗತಿಯಲ್ಲಿ ಇದನ್ನು ಮಾಡಿ ನೋಡಿದವರು ದಯವಿಟ್ಟು ವಿವರವಾಗಿ ತಿಳಿಸಿ.

ಕನ್ನಡ ಮೇಷ್ಟ್ರು (ದಾವಣಗೆರೆ, ವಿದ್ಯಾನಗರ)

ಮೇಡಂ, ನಿಮ್ಮ ಸಹೋದ್ಯೋಗಿಗಳ ಆತಂಕ ಒಂದು ಸಂದರ್ಭದಲ್ಲಿ ನಿಜವಾಗುತ್ತದೆ. ಚಿತ್ರಕಥೆಯನ್ನು ಮಕ್ಕಳ ಕೈಗೆ ಕೊಟ್ಟು, ನಾವು ದಾಖಲೆ ಬರೆಯುತ್ತ ಕುಳಿತರೆ ಅದು ಹೊತ್ತು ಕಳೆಯುವ ಸಾಧನವಾಗುತ್ತದೆ. ಪದ್ಯವೊಂದನ್ನು ಸಾಲುಸಾಲಾಗಿ ಬಿಡಿಸಿ ಓದಿಸುವಷ್ಟೇ ಶ್ರದ್ಧೆಯಿಂದ ಒಂದೇ ಒಂದು ಪುಟವನ್ನು ಓದಿಸಿದರೆ ಮಾತ್ರ ಅದು ಪಾಠವಾಗುತ್ತದೆ.

ಚಿತ್ರಕಥೆಯ ಅರ್ಧ ಕಥೆ ಇರುವುದು ಎರಡು ಚೌಕಗಳ ನಡುವಿನ ಖಾಲಿ ಜಾಗದಲ್ಲಿ. ಅಮೆರಿಕದ ಚಿತ್ರಕಥೆಗಾರ ಸ್ಕಾಟ್ ಮೆಕ್ಲೌಡ್ 1993ರಲ್ಲಿ ಈ ಮಾತನ್ನು ವಿಸ್ತಾರವಾಗಿ ವಿವರಿಸಿದರು: ಅಲ್ಲಿ ಏನು ನಡೆಯಿತೆಂಬುದನ್ನು ಓದುಗನೇ ಮನಸ್ಸಿನಲ್ಲಿ ತುಂಬಿಕೊಳ್ಳಬೇಕು. ಒಂದು ಉದಾಹರಣೆ ಕೊಡುತ್ತೇನೆ. ಮೊದಲ ಚೌಕದಲ್ಲಿ ಹೆಂಗಸೊಬ್ಬಳು ಬಾವಿಗೆ ಹಗ್ಗ ಇಳಿಬಿಡುತ್ತಿದ್ದಾಳೆ. ಎರಡನೆಯದರಲ್ಲಿ ಖಾಲಿ ಕೊಡ ಹಿಡಿದು ಮನೆಯ ಹೊಸ್ತಿಲಲ್ಲಿ ನಿಂತಿದ್ದಾಳೆ. ಮಾತಿನ ಗುಳ್ಳೆಗಳ ಮೇಲೆ ಕಾಗದದ ಚೂರು ಅಂಟಿಸಿ, ನಡುವೆ ಏನಾಯಿತೆಂದು ಕೇಳಿದೆ. ಜಗಳೂರು ಕಡೆಯಿಂದ ಬಂದ ಹುಡುಗನೊಬ್ಬ ತಟ್ಟನೆ "ಬಾವಿ ಬತ್ತಿದೆ ಸರ್" ಎಂದ. ಮತ್ತೊಬ್ಬಳು "ದಾರಿಯಲ್ಲಿ ಯಾರಿಗೋ ಕೊಟ್ಟಿರಬೇಕು" ಎಂದಳು. "ಚಿತ್ರದಲ್ಲಿ ಅದಕ್ಕೆ ಗುರುತೆಲ್ಲಿದೆ, ತೋರಿಸು" ಎಂದಾಗ ಇಡೀ ತರಗತಿ ಪುಟದ ಮೇಲೆ ಬಗ್ಗಿತು. ಕೊನೆಗೆ ಒಬ್ಬ, ಎರಡನೆಯ ಚೌಕದಲ್ಲಿ ಅವಳ ಸೆರಗಿನ ಅಂಚು ಒದ್ದೆಯಾಗಿರುವುದನ್ನು ಗೆರೆಗಳಿಂದ ತೋರಿಸಿದ್ದಾರೆಂದು ಕಂಡುಹಿಡಿದ. ಅಂದರೆ ನೀರು ಸಿಕ್ಕಿತ್ತು. ಗದ್ಯಭಾಗದಲ್ಲಿ ನಾವು ಕೇಳುವ "ಲೇಖಕರು ನೇರವಾಗಿ ಹೇಳದಿರುವುದೇನು" ಎಂಬ ಪ್ರಶ್ನೆಗೆ ಬಾಯಿ ಬಿಡದ ಮಕ್ಕಳು ಇಲ್ಲಿ ವಾದಕ್ಕೇ ನಿಂತರು. ಹೀಗೆ ಅಭ್ಯಾಸವಾದ ಮೇಲೆ ಅದೇ ಪ್ರಶ್ನೆಯನ್ನು ಗದ್ಯಕ್ಕೂ ಕೇಳಬೇಕು. ಆ ಎರಡನೆಯ ಹೆಜ್ಜೆಯನ್ನು ಬಿಟ್ಟರೆ ನಿಮ್ಮ ಸಹೋದ್ಯೋಗಿಗಳ ಮಾತೇ ಗೆಲ್ಲುತ್ತದೆ.

ಪ್ರತಿಗಳ ಕೊರತೆಗೆ ಹೆದರಬೇಡಿ. ಒಂದು ಪುಟವನ್ನು ಸ್ಮಾರ್ಟ್ ಕ್ಲಾಸಿನ ಪರದೆಯ ಮೇಲೆ ತೋರಿಸಿದರೂ ಸಾಕು, ನಾಲ್ಕು ಮಕ್ಕಳಿಗೊಂದು ಜೆರಾಕ್ಸ್ ಕೊಟ್ಟರೂ ಸಾಕು.

ಚಿತ್ರಕಥೆಯಿಂದ ಮಕ್ಕಳು ಕೆಡುತ್ತಾರೆಂಬ ಭಯ ಹೊಸದೇನಲ್ಲ. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅಮೆರಿಕದಲ್ಲಿ ಇದೇ ಆರೋಪ ಹೊರಿಸಿ ಪುಸ್ತಕ ಬರೆದರು. ಅದೇ ವರ್ಷ ಅಲ್ಲಿನ ಪ್ರಕಾಶಕರು ತಮಗೆ ತಾವೇ ಕಟ್ಟುನಿಟ್ಟಿನ ನಿಯಮಾವಳಿ ಹಾಕಿಕೊಂಡರು. ವರ್ಥಮ್ ತಮ್ಮ ವಾದಕ್ಕೆ ಹೊಂದುವಂತೆ ಮಕ್ಕಳ ಹೇಳಿಕೆಗಳನ್ನು ತಿದ್ದಿದ್ದರೆಂಬುದನ್ನು ಸಂಶೋಧಕಿ ಕ್ಯಾರಲ್ ಟಿಲ್ಲಿ ಅವರ ಕಾಗದಪತ್ರಗಳನ್ನೇ ಪರಿಶೀಲಿಸಿ 2012ರಲ್ಲಿ ತೋರಿಸಿಕೊಟ್ಟರು. ಮುಖ್ಯೋಪಾಧ್ಯಾಯರ ಮುಂದೆ ಈ ಸಂಗತಿಯನ್ನು ವಿನಯದಿಂದಲೇ ಇಡಬಹುದು.

ಜಟಿಂಗ (ಮೊಳಕಾಲ್ಮೂರು)

ಮೇಷ್ಟ್ರ ಮಾತಿಗೆ ಇತಿಹಾಸದ ಕಡೆಯಿಂದ ಒಂದು ಸೇರ್ಪಡೆ. ಮೌರ್ಯರ ಪಾಠಕ್ಕೆ ಅಂಗಡಿಯಲ್ಲಿ ಸಿಗುವ ಚಿತ್ರಕಥೆಗಿಂತ ಉತ್ತಮವಾದ ವಸ್ತು ನಮ್ಮ ಜಿಲ್ಲೆಯ ಬಂಡೆಯ ಮೇಲೆಯೇ ಇದೆ. ಅಶೋಕನ ಬ್ರಹ್ಮಗಿರಿ ಶಾಸನವನ್ನು ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲೂ ಅದೇ ಶಾಸನದ ಪ್ರತಿಗಳಿವೆ. ಅದು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರಿಂದ, ಅಂದರೆ ಹಿರಿಯ ಅಧಿಕಾರಿಗಳಿಂದ, ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಬಂದ ಆಜ್ಞೆ. ಮೊದಲು ಅವರ ಆರೋಗ್ಯವನ್ನು ವಿಚಾರಿಸಿ, ಆಮೇಲೆ ವಿಷಯಕ್ಕೆ ಬರುತ್ತದೆ. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಉಪದೇಶಗಳ ನಂತರ, ಕೊನೆಯಲ್ಲಿ ಬರೆದವನ ಹೆಸರೂ ಬರುತ್ತದೆ: ಲಿಪಿಕಾರ ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದ್ದರೆ, ಲಿಪಿಕಾರ ಎಂಬುದನ್ನು ಮಾತ್ರ ಅವನು ವಾಯವ್ಯ ಭಾರತದಲ್ಲಿ ಬಳಕೆಯಲ್ಲಿದ್ದ ಖರೋಷ್ಠಿಯಲ್ಲಿ ಕೊರೆದಿದ್ದಾನೆ.

ಈ ಆಜ್ಞೆ ಇಲ್ಲಿಗೆ ತಲುಪಿ ಬಂಡೆಗೇರಿದ ಕಥೆಯನ್ನು ಆರು ಚೌಕಗಳಲ್ಲಿ ಬರೆಯಿರಿ ಎಂದು ನಮ್ಮ ಮಕ್ಕಳಿಗೆ ಹೇಳಿದೆ. ಗದ್ಯದಲ್ಲಿ "ದೂತನು ಆಜ್ಞೆಯನ್ನು ತಂದನು" ಎಂದು ಬರೆದು ಮುಂದಕ್ಕೆ ಹೋಗಬಹುದು. ಚಿತ್ರದಲ್ಲಿ ಆ ಅನುಕೂಲವಿಲ್ಲ. ದೂತ ನಡೆದು ಬಂದನೇ, ಕುದುರೆಯ ಮೇಲೆ ಬಂದನೇ, ಏನುಟ್ಟಿದ್ದ, ಕೈಯಲ್ಲಿ ಏನಿತ್ತು ಎಂಬುದನ್ನೆಲ್ಲ ಬರೆಯುವವನು ತೀರ್ಮಾನಿಸಲೇಬೇಕು. ಹುಡುಗಿಯೊಬ್ಬಳು ದೂತನ ಕೈಗೆ ಕಾಗದದ ಸುರುಳಿ ಕೊಟ್ಟಿದ್ದಳು. ಪಕ್ಕದವಳು "ಆಗ ಕಾಗದ ಎಲ್ಲಿತ್ತು?" ಎಂದು ಕೇಳಿದಳು. ನಾನು ಉತ್ತರ ಹೇಳದೆ ಪಠ್ಯಪುಸ್ತಕ ತೆರೆಯಲು ಹೇಳಿದೆ. ಯಾರೂ ಒತ್ತಾಯಿಸದೆ ಇಡೀ ಗುಂಪು ಪಾಠವನ್ನು ಹುಡುಕಿ ಓದಿತು. ಕಾಗದವನ್ನು ಅಳಿಸಿ ಬಟ್ಟೆ ಬರೆದರು. ಅದರ ಕೆಳಗೆ "ಇದು ನಮ್ಮ ಊಹೆ" ಎಂದೂ ಬರೆದರು. ಉಡುಪಿನ ಪ್ರಶ್ನೆ ಬಂದಾಗ ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಿ ಸಿಕ್ಕ, ಅಶೋಕನ ಹೆಸರನ್ನೇ ಕೆತ್ತಿರುವ ಉಬ್ಬುಶಿಲ್ಪದ ಫೋಟೋ ತೋರಿಸಿದೆ. ಅದು ಅಶೋಕನ ಕಾಲಕ್ಕಿಂತ ಈಚಿನದು ಎಂಬುದನ್ನೂ ಹೇಳಬೇಕಾಯಿತು, ಆಗ ಮತ್ತೊಂದು ಒಳ್ಳೆಯ ಚರ್ಚೆ ಹುಟ್ಟಿತು.

ಪ್ರಕಟಿತ ಚಿತ್ರಕಥೆಗಳಿಗೂ ಇದೇ ಒರೆಗಲ್ಲು ಇರಲಿ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಿಂದ ಕಟ್ಟಿ ಬೆಳೆಸಿದ ಅಮರ ಚಿತ್ರ ಕಥಾ ಮಾಲಿಕೆಗೆ ನಮ್ಮ ತಲೆಮಾರುಗಳ ಋಣ ದೊಡ್ಡದು, ಅದನ್ನು ಮನಸಾರೆ ಒಪ್ಪುತ್ತೇನೆ. ಆದರೂ ಅದರ ಹಳೆಯ ಸಂಚಿಕೆಗಳಲ್ಲಿ ಒಳ್ಳೆಯವರಿಗೆ ತಿಳಿಬಣ್ಣ, ರಾಕ್ಷಸರಿಗೆ ಕಪ್ಪುಬಣ್ಣ ಬಳಿದಿರುವುದರ ಬಗ್ಗೆ ವಿಮರ್ಶಕರು ಬಹಳ ಹಿಂದೆಯೇ ಎತ್ತಿದ ಆಕ್ಷೇಪವನ್ನು ಎಂಟನೇ ತರಗತಿಯ ಮಕ್ಕಳ ಮುಂದೆ ಇಡಲೇಬೇಕು. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಮೈಬಣ್ಣ ಯಾವುದೆಂಬುದು ನಮಗೆ ಗೊತ್ತಿದೆ.

ಒಬ್ಬ ಪೋಷಕ (ದಾವಣಗೆರೆ, ನಿಟುವಳ್ಳಿ)

ಗುರುಗಳೆಲ್ಲರಿಗೂ ನಮಸ್ಕಾರ. ಚಿತ್ರಕಥೆಯ ಬಗ್ಗೆ ನನಗೆ ತಕರಾರಿಲ್ಲ. ಆಟದ ವಿಷಯ ಮಾತ್ರ ದಯವಿಟ್ಟು ಶಾಲೆಯೊಳಗೆ ಬರುವುದು ಬೇಡ. ನನ್ನ ಮಗ ಒಂಬತ್ತನೇ ತರಗತಿಯಲ್ಲಿದ್ದಾನೆ. ರಾತ್ರಿ ಹೊದಿಕೆಯೊಳಗೆ ಮೊಬೈಲ್ ಹಿಡಿದು ಆಡುತ್ತಾನೆ. ಆಟದೊಳಗಿನ ಬಂದೂಕಿಗೆ ಬಣ್ಣ ಹಾಕಿಸಲು ನನ್ನ ಖಾತೆಯಿಂದ ಹಣವನ್ನೂ ಕಟ್ಟಿದ್ದಾನೆ. ಶಾಲೆಯಲ್ಲಿ ಮೇಷ್ಟ್ರೇ ಅದರ ಬಗ್ಗೆ ಮಾತಾಡಿದರೆ, ಅದು ಒಪ್ಪಿತವಾದದ್ದು ಎಂದೇ ಅವನು ತಿಳಿಯುತ್ತಾನೆ. ಮನೆಯಲ್ಲಿ ನಾವು ಹೇಳುವ ಮಾತಿಗೆ ಆಮೇಲೆ ಯಾವ ಬೆಲೆ ಉಳಿಯುತ್ತದೆ?

ಏಳುಸುತ್ತು (ಚಿತ್ರದುರ್ಗ)

ಅಣ್ಣಾವ್ರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ತರಗತಿಯಲ್ಲಿ ಆಟ ಆಡಿಸಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಆಟದ ಸುದ್ದಿಯನ್ನು ಸುದ್ದಿಯಾಗಿ ಓದಿಸುವುದು ಬೇರೆಯ ಕೆಲಸ, ಮತ್ತು ನಿಮ್ಮ ಮಗನಂಥ ಹುಡುಗನಿಗೇ ಅದು ಹೆಚ್ಚು ಬೇಕಾದದ್ದು ಎಂದು ನಂಬಿದ್ದೇನೆ.

ನಾನು ಪೌರನೀತಿಯ ಪಾಠದಲ್ಲಿ ಮಾಡಿದ್ದನ್ನು ಹೇಳುತ್ತೇನೆ. ಮಕ್ಕಳು ಆಗಾಗ "ಆಟ ಮತ್ತೆ ಬ್ಯಾನ್ ಅಂತೆ ಸರ್" ಎಂದು ಬರುತ್ತಾರೆ. ಆ "ಅಂತೆ"ಯನ್ನೇ ಹಿಡಿದೆ. ಯಾರು ಹೇಳಿದರು, ಯಾವ ಇಲಾಖೆ ಆದೇಶಿಸಿತು, ಯಾವ ಕಾಯ್ದೆಯಡಿ, ಯಾವತ್ತು? ಪತ್ರಿಕೆಗಳಿಂದ ಮಾಹಿತಿ ಹೆಕ್ಕಿ ಕಪ್ಪುಹಲಗೆಯ ಮೇಲೆ ಕಾಲರೇಖೆ ಎಳೆದೆವು: 2020ರ ಸೆಪ್ಟೆಂಬರಿನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಪಬ್ಜಿ ಮೊಬೈಲ್ ನಿಷೇಧ, 2021ರ ಜುಲೈನಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಹೊಸ ರೂಪ, 2022ರ ಫೆಬ್ರವರಿಯಲ್ಲಿ ಫ್ರೀ ಫೈರ್‌ಗೆ ತಡೆ, ಅದೇ ವರ್ಷದ ಜುಲೈನಲ್ಲಿ ಬಿಜಿಎಂಐಗೂ ತಡೆ, 2023ರ ಮೇನಲ್ಲಿ ಅದರ ವಾಪಸಾತಿ, 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ. ಆಟದೊಳಗೆ ಸಾಮಗ್ರಿ ಕೊಳ್ಳುವುದಕ್ಕೂ, ಗೆದ್ದರೆ ಹಣ ಬರುತ್ತದೆಂದು ಪಣ ಕಟ್ಟುವುದಕ್ಕೂ ಕಾನೂನಿನಲ್ಲಿರುವ ವ್ಯತ್ಯಾಸವನ್ನು ಮಕ್ಕಳು ಗಮನವಿಟ್ಟು ಕೇಳಿದರು. ಅತಿಯಾದ ಆಟವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ, ಬೆಂಗಳೂರಿನ ನಿಮ್ಹಾನ್ಸ್ 2014ರಿಂದಲೇ ಇಂಥವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯ ನಡೆಸುತ್ತಿದೆ ಎಂದು ಅವರೇ ಓದಿ ತಿಳಿದಾಗ, ನಾವು ಬೈದು ಹೇಳುವುದಕ್ಕಿಂತ ಹೆಚ್ಚು ತೂಕ ಬಂತು. ಇದರಿಂದ ಆಟ ಬಿಟ್ಟರು ಎಂದು ಹೇಳಲಾರೆ. ತಾವು ಆಡುವ ವಸ್ತುವಿನ ಬಗ್ಗೆ ಪ್ರಶ್ನೆ ಕೇಳಲು ಕಲಿತರು, ಅಷ್ಟು ಮಾತ್ರ ಖಚಿತ.

ಸಿನಿಮಾ ವಿಷಯದಲ್ಲಂತೂ ನಮ್ಮೂರಿನಲ್ಲಿ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಓಬವ್ವ ಎಂದರೆ ಇಲ್ಲಿನ ಮಕ್ಕಳ ಕಣ್ಣಮುಂದೆ ಇವತ್ತಿಗೂ 1972ರ ನಾಗರಹಾವು ಚಿತ್ರದ ಜಯಂತಿಯವರೇ ಬರುತ್ತಾರೆ. ಕೋಟೆಯ ಕಿಂಡಿಯ ಬಳಿ ಮಕ್ಕಳನ್ನು ನಿಲ್ಲಿಸಿ, ಅದರ ಅಗಲವನ್ನು ಕಣ್ಣಾರೆ ಕಂಡ ಮೇಲೆ ಅದೇ ಪ್ರಸಂಗವನ್ನು ಚೌಕಗಳಲ್ಲಿ ಬರೆಸಿ ನೋಡಿ. ಸಿನಿಮಾ ಎಲ್ಲಿ ಕ್ಯಾಮೆರಾ ಇಟ್ಟಿತ್ತು, ನಾವು ಎಲ್ಲಿ ನಿಂತು ನೋಡುತ್ತಿದ್ದೇವೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಒಬ್ಬ ಹುಡುಗ ಕಿಂಡಿಯ ಒಳಗಿನಿಂದ ನುಸುಳುವ ಸೈನಿಕನ ಕಣ್ಣಿಗೆ ಕಂಡಂತೆ ಬರೆದಿದ್ದ. ಚೌಕದ ತುಂಬ ಕತ್ತಲೆ, ತುದಿಯಲ್ಲಿ ಸ್ವಲ್ಪ ಬೆಳಕು. ಆ ಪುಟ ಇನ್ನೂ ನನ್ನ ಬಳಿ ಇದೆ.

ಪುಸ್ತಕದ ಕಪಾಟು (ದಾವಣಗೆರೆ)

ಗ್ರಂಥಾಲಯದಲ್ಲಿ ಕೆಲಸ ಮಾಡುವವನಾಗಿ ಎರಡು ಮಾತು. ಒಂದು ಪುಟವನ್ನು ಪಾಠಕ್ಕಾಗಿ ಜೆರಾಕ್ಸ್ ಮಾಡಿಸಲು ಹಿಂಜರಿಯಬೇಡಿ. ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಪ್ರತಿ ಮಾಡಿಕೊಳ್ಳುವುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ. ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ವಾಟ್ಸಾಪ್ ಗುಂಪುಗಳಿಗೆ ಹಂಚುವುದು ಮಾತ್ರ ಬೇಡ. ಹೊಸ ಸಾಮಗ್ರಿ ಬೇಕಿದ್ದರೆ, ಸಿಬಿಎಸ್‌ಇ ಶಾಲೆಗಳ ಶಿಕ್ಷಕರು ಮತ್ತು ಮಕ್ಕಳು ಸೇರಿ ಎನ್‌ಸಿಇಆರ್‌ಟಿ ಪಾಠಗಳ ಮೇಲೆ ಮಾಡಿದ ನೂರಕ್ಕೂ ಹೆಚ್ಚು ಚಿತ್ರಕಥೆಗಳು 2021ರಲ್ಲಿ ದೀಕ್ಷಾ ಜಾಲತಾಣಕ್ಕೆ ಬಂದವು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಮುಕ್ತ ಪರವಾನಗಿಯಲ್ಲಿವೆ. ಅವು ಚೌಕಗಳ ಚಿತ್ರಕಥೆಗಳಲ್ಲ, ಆದರೂ ತಡವರಿಸಿ ಓದುವ ಮಕ್ಕಳಿಗೆ ಒಳ್ಳೆಯ ಆರಂಭ.

ವೇದಾವತಿ ತೀರ (ಹಿರಿಯೂರು ತಾಲ್ಲೂಕು)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬ್ರಹ್ಮಗಿರಿಯ ಚಟುವಟಿಕೆಯಿಂದಲೇ ಶುರುಮಾಡುತ್ತೇನೆ. ಆಟದ ಸುದ್ದಿಯನ್ನು ಪೋಷಕರ ಸಭೆಯಲ್ಲಿ ಮೊದಲು ವಿವರಿಸಿ, ಅವರ ಒಪ್ಪಿಗೆ ಪಡೆದ ಮೇಲೆಯೇ ತೆಗೆದುಕೊಳ್ಳುತ್ತೇನೆ. ನಿಟುವಳ್ಳಿಯ ಸಹೋದರರ ಮಾತು ಮನಸ್ಸಿನಲ್ಲಿರುತ್ತದೆ. ಒಂದೇ ಪ್ರಶ್ನೆ ಉಳಿದಿದೆ. ಇದನ್ನು ರೂಪಣಾತ್ಮಕ ಮೌಲ್ಯಮಾಪನಕ್ಕೆ ಹಾಕಿದರೆ ಅಂಕ ಕೊಡುವುದು ಹೇಗೆ? ಚಿತ್ರ ಬರೆಯಲು ಬಾರದ ಮಗುವಿಗೆ ಅನ್ಯಾಯವಾಗಬಾರದು.

ಜಟಿಂಗ (ಮೊಳಕಾಲ್ಮೂರು)

ಚಿತ್ರದ ಅಂದಕ್ಕೆ ನಾನು ಅಂಕವನ್ನೇ ಇಡುವುದಿಲ್ಲ ಮೇಡಂ, ಕಡ್ಡಿ ಮನುಷ್ಯರನ್ನು ಬರೆದರೂ ಸರಿ. ಪುಟದ ಹಿಂಬದಿಯಲ್ಲಿ ಮಕ್ಕಳು ಎರಡು ಕಾಲಂ ಎಳೆಯಬೇಕು: ಎಡಗಡೆ "ಆಧಾರವಿದೆ", ಬಲಗಡೆ "ನಮ್ಮ ಊಹೆ". ಆರು ಚೌಕಗಳಲ್ಲಿ ಕಾಣುವ ಪ್ರತಿಯೊಂದು ವಸ್ತುವೂ ಯಾವುದಾದರೂ ಒಂದು ಕಾಲಮ್ಮಿನಲ್ಲಿ ಇರಬೇಕು, ಎಡಗಡೆಯದಕ್ಕೆ ಪಠ್ಯದ ಪುಟಸಂಖ್ಯೆ ಅಥವಾ ಶಾಸನದ ಮಾತು ಬರೆದಿರಬೇಕು. ಅಂಕವೆಲ್ಲ ಆ ಪಟ್ಟಿಗೇ. ಕೊನೆಯಲ್ಲಿ, ಯಾವುದಾದರೂ ಒಂದು ಚೌಕದ ಕಥೆಯನ್ನು ಐದಾರು ವಾಕ್ಯಗಳ ಗದ್ಯದಲ್ಲಿ ಬರೆಯಿಸಿ. ಎಸ್ಸೆಸ್ಸೆಲ್ಸಿಯ ಚಿಂತೆ ಇರುವ ಸಹೋದ್ಯೋಗಿಗಳಿಗೆ ಆ ಉತ್ತರಗಳನ್ನೇ ತೋರಿಸಿ.