ಹಾರುವಾಗ ಇಂಜಿನ್ ಸೊರಗಿತು, ಶೆಡ್ಡಿನಲ್ಲಿ ಚೆನ್ನಾಗಿ ಓಡುತ್ತಿದೆ. ಏನು ನೋಡಬೇಕು?

ನಾಲೆಬದಿ (ಪಾಂಡವಪುರ):
ನಾಲ್ಕು ವರ್ಷ ಕೂತು ನಾನೇ ಕಟ್ಟಿದ ಒಂಟಿ ಸೀಟಿನ ವಿಮಾನ. ಫೋಕ್ಸ್‌ವ್ಯಾಗನ್ ಕಾರಿನ ಇಂಜಿನ್, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರ್ ಒಂದೇ. ಹೋದ ಭಾನುವಾರ ಬೆಳಗ್ಗೆ ಏಳೂವರೆ. ನಾಲೆ ಮೇಲೆ ಇನ್ನೂ ಮಂಜಿತ್ತು. 800 ಅಡಿಯಲ್ಲಿ ಹೋಗ್ತಿದ್ದಾಗ 2,900 ಇದ್ದ ಆರ್‌ಪಿಎಂ ಮೆಲ್ಲಗೆ ಇಳಿಯಿತು. ಥ್ರಾಟಲ್ ಪೂರ್ತಿ ಕೊಟ್ಟರೂ 2,100 ದಾಟಲಿಲ್ಲ. ಇಂಜಿನ್ ನಿಲ್ಲಲಿಲ್ಲ, ಆದರೆ ಎತ್ತರ ಉಳಿಯಲಿಲ್ಲ.

ರನ್‌ವೇ ಬೆನ್ನ ಹಿಂದೆ. ತಿರುಗಿಸೋಣ ಅಂತ ಕೈ ಹೋಯಿತು, ತಡೆದೆ. ಎಡಕ್ಕೆ ಆಳೆತ್ತರದ ಕಬ್ಬು, ಬಲಕ್ಕೆ ಹೈಟೆನ್ಷನ್ ಲೈನ್. ಎದುರಿಗೆ ಭತ್ತ ಕೊಯ್ದ ಗದ್ದೆ. ಮೂಗು ತಗ್ಗಿಸಿ, ವೇಗ ಬಿಡದೆ ಅಲ್ಲಿಗೇ ಇಳಿಸಿದೆ. ಎರಡನೇ ಬದುವಿಗೆ ಬಡಿದು ಎಡಗಡೆ ಚಕ್ರದ ಕಾಲು ಬಗ್ಗಿತು. ನನಗೆ ಮೊಣಕಾಲು ತರಚಿತು, ಅಷ್ಟೇ. ಗದ್ದೆಯವರು ಓಡಿಬಂದು ಚೊಂಬಿನಲ್ಲಿ ನೀರು ಕೊಟ್ಟರು. ಕೈ ನಡುಗಿ ಅರ್ಧ ಚೆಲ್ಲಿದೆ.

ವಿಮಾನಯಾನ ನಿಯಂತ್ರಿಸುವ ಡಿಜಿಸಿಎಗೆ ತಿಳಿಸಿ, ಅವರು ಒಪ್ಪಿದ ಮೇಲೆ ಟ್ರ್ಯಾಕ್ಟರ್‌ನಲ್ಲಿ ಶೆಡ್ಡಿಗೆ ತಂದೆ. ಕಟ್ಟಿಹಾಕಿ ಸ್ಟಾರ್ಟ್ ಮಾಡಿದರೆ ಒಂದೇ ಸಲಕ್ಕೆ ಆಯಿತು! ಪ್ಲಗ್ ಸರಿ, ಫಿಲ್ಟರ್ ಸರಿ.

ಹಳೇ ಫಿಟ್ಟರ್ (ಮೈಸೂರು):
ಕಾರ್ಬ್ ಹೀಟ್, ಅಂದರೆ ಕಾರ್ಬುರೇಟರ್‌ಗೆ ಬಿಸಿ ಗಾಳಿ ಕೊಡುವ ವ್ಯವಸ್ಥೆ, ಇದೆಯಾ? ಮಂಜು, ನಿಧಾನವಾಗಿ ಇಳಿದ ಆರ್‌ಪಿಎಂ, ಆಮೇಲೆ ಏನೂ ಆಗಿಲ್ಲದಂತೆ ಓಡುವ ಇಂಜಿನ್. ನನಗೇನೋ ಕಾರ್ಬುರೇಟರ್‌ನಲ್ಲಿ ಐಸ್ ಕಟ್ಟಿದೆ ಅನ್ನಿಸುತ್ತದೆ. ಪೆಟ್ರೋಲ್ ಆವಿಯಾಗುವಾಗ ಒಳಗಿನ ಗಾಳಿ 20 ಡಿಗ್ರಿಗೂ ಜಾಸ್ತಿ ತಣ್ಣಗಾಗಬಹುದು. ಹೊರಗೆ 18 ಡಿಗ್ರಿ ಇದ್ದರೂ ಗಾಳಿಯ ತೇವ ಥ್ರಾಟಲ್ ತಟ್ಟೆ ಮೇಲೆ ಹೆಪ್ಪುಗಟ್ಟಿ ಇಂಜಿನ್‌ಗೆ ಗಾಳಿ ಹೋಗುವ ದಾರಿ ಕಟ್ಟುತ್ತದೆ. ನೀವು ಆ ಚೊಂಬಿನ ನೀರು ಕುಡಿಯುವಷ್ಟರಲ್ಲಿ ಕರಗಿರುತ್ತದೆ. ಗುರುತೇ ಉಳಿಯಲ್ಲ.

ಚಾಮುಂಡಿತಪ್ಪಲು:
ಬಂಕ್ ಪೆಟ್ರೋಲ್ ಹಾಕ್ತೀರಾ ಅಣ್ಣ? ಈಗ ಅದರಲ್ಲಿ 20% ಎಥನಾಲ್ ಇದೆ. ಎಥನಾಲ್ ಆವಿಯಾಗುವಾಗ ಇನ್ನೂ ಜಾಸ್ತಿ ಶಾಖ ಎಳೆದುಕೊಳ್ಳುತ್ತದೆ. ತೇವ ಹೀರುತ್ತದೆ, ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಬರೀ ಐಸ್ ಅಂತ ಸುಮ್ನೆ ಆಗಬೇಡಿ, ಪೈಪ್ ಕತ್ತರಿಸಿ ನೋಡಿ. ಹಿಂದಕ್ಕೆ ತಿರುಗಿಸದೆ ಇದ್ದದ್ದು ಬಹಳ ಒಳ್ಳೆಯದಾಯಿತು. ಶಕ್ತಿ ಇಲ್ಲದಾಗ ಕೆಳಮಟ್ಟದಲ್ಲಿ ಬಿಗಿಯಾಗಿ ತಿರುಗಿಸಿದರೆ ರೆಕ್ಕೆ ಸ್ಟಾಲ್ ಆಗಿಬಿಡುತ್ತದೆ, ಅಂದರೆ ವಿಮಾನವನ್ನು ಎತ್ತಿ ಹಿಡಿಯುವ ಬಲ ಕಳೆದುಕೊಳ್ಳುತ್ತದೆ.

ನಾಲೆಬದಿ:
ಕಾರ್ಬ್ ಹೀಟ್ ಇಲ್ಲ ಸರ್. ನಮ್ಮೂರ ಸೆಕೆಗೆ ಯಾಕೆ ಅಂತ ಬಿಟ್ಟಿದ್ದೆ. ತಪ್ಪು ನನ್ನದೇ. ಹಾಕ್ತಿರುವುದು ಬಂಕ್ ಪೆಟ್ರೋಲೇ. ಇವತ್ತು ಪೈಪ್ ಸೀಳಿದೆ. ಒಳಗೆ ಬೆರಳಿಗೆ ಅಂಟುತ್ತದೆ, ಉಗುರಿನಲ್ಲಿ ಕೆರೆದರೆ ಕಪ್ಪು ಸಿಪ್ಪೆ ಏಳುತ್ತದೆ. ಕಾರ್ಬುರೇಟರ್ ಒಳಗಿನ ಪೆಟ್ರೋಲ್ ತೂತು, ಅಂದರೆ ಜೆಟ್‌ನಲ್ಲಿ ಮಾತ್ರ ಏನೂ ಸಿಗಲಿಲ್ಲ. ಹಾಗಾಗಿ ಪೈಪ್ ಪೂರ್ತಿ ಬದಲಾಯಿಸ್ತೀನಿ, ಎಕ್ಸಾಸ್ಟ್ ಸುತ್ತ ತಗಡಿನ ಕವಚ ಮಾಡಿಸಿ ಬಿಸಿ ಗಾಳಿ ಕಾರ್ಬುರೇಟರ್‌ಗೆ ಎಳೀತೀನಿ. ಅಲ್ಲೀತನಕ ಶೆಡ್ಡಿನ ಬೀಗ ತೆಗೆಯಲ್ಲ.