ವಿಂಡೋಸ್, ಉಬುಂಟು, ಮ್ಯಾಕ್ ಮೂರಕ್ಕೂ ಒಂದೇ ಲಾಗಿನ್

ಪ್ರಶ್ನೆ: ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದೇನೆ. ನಮ್ಮ 60 ಕಂಪ್ಯೂಟರುಗಳಲ್ಲಿ ವಿಂಡೋಸ್ ಮತ್ತು ಉಬುಂಟು ಎರಡೂ ಇವೆ. ವಿಭಾಗದ ಕಚೇರಿಯಲ್ಲಿ ಎರಡು ಮ್ಯಾಕ್‌ಗಳಿವೆ. ವಿದ್ಯಾರ್ಥಿ ಎಲ್ಲಿ ಕುಳಿತರೂ ಒಂದೇ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ನಡೆಯಬೇಕು. ಸದ್ಯಕ್ಕೆ ಸ್ಕ್ರಿಪ್ಟ್ ಬರೆದು ಎಲ್ಲ ಯಂತ್ರಗಳಿಗೂ ಪಾಸ್‌ವರ್ಡ್ ನಕಲಿಸುತ್ತಿದ್ದೇವೆ. ಸರ್ವರ್ ಲೈಸೆನ್ಸಿಗೆ ಹಣವಿಲ್ಲ. ಬೇರೆ ದಾರಿ ಇದೆಯೇ ಸರ್?

ಉತ್ತರ: ಆ ಸ್ಕ್ರಿಪ್ಟನ್ನು ಮೊದಲು ನಿಲ್ಲಿಸಿ. ಪಾಸ್‌ವರ್ಡ್ ಒಂದೇ ಕಡೆ ಇರಬೇಕು, ಉಳಿದ ಯಂತ್ರಗಳು ಅಲ್ಲಿಗೆ ಹೋಗಿ ಕೇಳಬೇಕು. ಸ್ವಂತ ಸರ್ವರಿನಲ್ಲಿ ನಡೆಸುವ ವ್ಯವಸ್ಥೆಗಳಲ್ಲಿ ವಿಂಡೋಸ್ ಸಲೀಸಾಗಿ ಒಪ್ಪುವುದು ಆಕ್ಟಿವ್ ಡೈರೆಕ್ಟರಿಯನ್ನು (ಖಾತೆಗಳನ್ನು ಒಂದೇ ಕಡೆ ಇಡುವ ಮೈಕ್ರೋಸಾಫ್ಟ್ ವ್ಯವಸ್ಥೆ) ಮಾತ್ರ. ಉಬುಂಟುವಿನಂಥ ಲಿನಕ್ಸ್ ಮತ್ತು ಮ್ಯಾಕ್‌ಗಳು ಅದಕ್ಕೆ ಹೊಂದಿಕೊಳ್ಳುತ್ತವೆ, ಏಕೆಂದರೆ ಅದರ ಒಳಗಿರುವುದು ಎಲ್ಲರಿಗೂ ತೆರೆದಿರುವ ಕರ್ಬರೋಸ್ (ಬಳಕೆದಾರ ಯಾರೆಂದು ಖಚಿತಪಡಿಸುವ ವಿಧಾನ) ಮತ್ತು ಎಲ್‌ಡ್ಯಾಪ್ (ಖಾತೆಗಳ ಪಟ್ಟಿಯನ್ನು ಓದುವ ವಿಧಾನ). 2012ರ ಡಿಸೆಂಬರಿನಲ್ಲಿ ಬಂದ ಉಚಿತ ತಂತ್ರಾಂಶ ಸಾಂಬಾ 4ರಿಂದ ಈಚೆಗೆ ಸಾದಾ ಲಿನಕ್ಸ್ ಸರ್ವರ್ ಒಂದೇ ಡೊಮೇನ್ ಕಂಟ್ರೋಲರ್ (ಡೊಮೇನ್ ಎಂಬ ಯಂತ್ರಗಳ ಗುಂಪಿನ ಲಾಗಿನ್‌ಗಳನ್ನು ಪರಿಶೀಲಿಸುವ ಸರ್ವರ್) ಆಗಿ ನಿಲ್ಲಬಲ್ಲದಾದ್ದರಿಂದ ಸರ್ವರ್ ಲೈಸೆನ್ಸಿನ ಚಿಂತೆ ಬೇಡ. ಉಬುಂಟುವನ್ನು ರಿಯಲ್ಮ್‌ಡಿ ಎಂಬ ಉಪಕರಣದ ಮೂಲಕ ಡೊಮೇನಿಗೆ ಸೇರಿಸಿ, ಮುಂದಿನ ಲಾಗಿನ್ ಕೆಲಸವನ್ನು ಎಸ್‌ಎಸ್‌ಎಸ್‌ಡಿ ಎಂಬ ಹಿನ್ನೆಲೆ ಸೇವೆಗೆ ಬಿಡಿ. ಲ್ಯಾಬ್ ಯಂತ್ರಗಳ ವಿಂಡೋಸ್ ಹೋಮ್ ಆವೃತ್ತಿಯೋ ಅಲ್ಲವೋ ಎಂದು ಪರೀಕ್ಷಿಸಿ. ಹೋಮ್ ಆದರೆ ಡೊಮೇನಿಗೆ ಸೇರುವುದೇ ಇಲ್ಲ.

ಎಡವುವುದು ಹೆಚ್ಚಾಗಿ ಡಿಎನ್‌ಎಸ್‌ನಲ್ಲಿ (ಹೆಸರಿನಿಂದ ಯಂತ್ರದ ವಿಳಾಸ ಹುಡುಕಿಕೊಡುವ ಸೇವೆ). ಕಂಟ್ರೋಲರ್ ಎಲ್ಲಿದೆ ಎಂಬುದನ್ನು ಯಂತ್ರಗಳು ಡಿಎನ್‌ಎಸ್ ಕೇಳಿಯೇ ತಿಳಿಯುವುದರಿಂದ, ಅಭ್ಯಾಸಬಲದಿಂದ ಗೂಗಲ್‌ನ 8.8.8.8 ಎಂದು ತುಂಬಿಬಿಟ್ಟರೆ ಏನೂ ಸಿಗುವುದಿಲ್ಲ. ಅಲ್ಲಿ ನಿಮ್ಮ ಕಂಟ್ರೋಲರಿನ ವಿಳಾಸವೇ ಇರಬೇಕು. ಡೊಮೇನಿಗೆ ‘.ಲೋಕಲ್’ ಎಂದು ಕೊನೆಯಾಗುವ ಹೆಸರನ್ನೂ ಇಡಬೇಡಿ, ಮ್ಯಾಕ್‌ನ ಬಾಂಜೂರ್ (ಹತ್ತಿರದ ಯಂತ್ರಗಳನ್ನು ಹುಡುಕುವ ಸೇವೆ) ಅದನ್ನು ತನ್ನದೆಂದು ಹಿಡಿದುಕೊಳ್ಳುತ್ತದೆ.

ಪ್ರಶ್ನೆ: ಸರ್, ಸಾಂಬಾ ನಿಂತಿತು, ಧನ್ಯವಾದ. ಆದರೆ ವಿಂಡೋಸ್ ಬಳಸಿದ ಯಂತ್ರವನ್ನು ಉಬುಂಟುವಿನಲ್ಲಿ ತೆರೆದರೆ, ಸರಿಯಾದ ಪಾಸ್‌ವರ್ಡನ್ನೂ ಒಪ್ಪುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಪರದೆಯಲ್ಲಿ ಮಧ್ಯಾಹ್ನ ಮೂರೂವರೆ ಎಂದು ತೋರಿಸುತ್ತದೆ. ಕಾಲೇಜಿನ ಫೈರ್‌ವಾಲ್ ಹೊರಗಿನ ಸಮಯದ ಸರ್ವರುಗಳನ್ನು ತಡೆಯುತ್ತದೆ.

ಉತ್ತರ: ಕಾರಣವನ್ನು ನೀವೇ ಹೇಳಿಬಿಟ್ಟಿದ್ದೀರಿ. ಮದರ್‌ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯವನ್ನು ಬರೆದಿಡುತ್ತದೆ. ಉಬುಂಟು ಅದನ್ನೇ ಯುಟಿಸಿ (ವಿಶ್ವಮಾನ್ಯ ಸಮಯ) ಎಂದು ಓದಿ, ಅದರ ಮೇಲೆ ನಮ್ಮ 5 ಗಂಟೆ 30 ನಿಮಿಷವನ್ನು ಕೂಡಿಸುತ್ತದೆ. ಕರ್ಬರೋಸ್ ಸಾಮಾನ್ಯವಾಗಿ ಸಹಿಸುವ ವ್ಯತ್ಯಾಸ ಐದೇ ನಿಮಿಷ. ಲಂಡನ್ನಿನಲ್ಲಿ ಚಳಿಗಾಲ ಪೂರ್ತಿ ಈ ದೋಷ ಯಾರ ಕಣ್ಣಿಗೂ ಬೀಳದು, ನಮಗೆ ಮೊದಲ ದಿನವೇ ಬೀಳುತ್ತದೆ! ವಿಂಡೋಸಿನ ರಿಜಿಸ್ಟ್ರಿಯಲ್ಲಿ ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಎಂಬುದಕ್ಕೆ 1 ಕೊಡಿ. ಸರ್ವರಿನಲ್ಲೇ ಸಮಯ ಹಂಚುವ ಕ್ರೋನಿ ತಂತ್ರಾಂಶ ನಡೆಸಿ, ಎಲ್ಲ ಯಂತ್ರಗಳೂ ಅದರಿಂದಲೇ ಸಮಯ ಪಡೆಯಲಿ.

ನೀವು ಕೇಳದ ಇನ್ನೊಂದು ಮಾತು: ಒಂದೇ ಪೆಟ್ಟಿಗೆಯಲ್ಲಿರುವ ವಿಂಡೋಸ್ ಮತ್ತು ಉಬುಂಟುಗಳಿಗೆ ಒಂದೇ ಹೆಸರಿಡಬೇಡಿ. ಡೊಮೇನಿನಲ್ಲಿ ಯಂತ್ರಕ್ಕೂ ಒಂದು ಖಾತೆ, ಒಂದು ಗುಪ್ತ ಪಾಸ್‌ವರ್ಡ್ ಇರುತ್ತದೆ. ಎರಡನೆಯದು ಅದೇ ಹೆಸರಿನಲ್ಲಿ ಸೇರಿದಾಗ ಪಾಸ್‌ವರ್ಡ್ ಬದಲಾಗಿ, ಮೊದಲನೆಯದು ಹೊರಬೀಳುತ್ತದೆ. ಹೆಸರು 15 ಅಕ್ಷರ ಮೀರದಿರಲಿ.

ಪ್ರಶ್ನೆ: ಎರಡೂ ಸರಿಹೋದವು ಸರ್. ಈಗ ಎನ್‌ಎಫ್‌ಎಸ್ ಎಂಬ ಹಂಚಿಕೆಯ ಫೈಲ್ ಸಂಗ್ರಹದಲ್ಲಿರುವ ತನ್ನದೇ ಫೈಲನ್ನು ಉಬುಂಟುವಿನಲ್ಲಿ ತೆರೆಯಬಲ್ಲ ವಿದ್ಯಾರ್ಥಿಗೆ ಮ್ಯಾಕ್‌ನಲ್ಲಿ ಅನುಮತಿ ಸಿಗುತ್ತಿಲ್ಲ.

ಉತ್ತರ: ಅಲ್ಲಿ ಹೆಸರು ಒಂದೇ, ಸಂಖ್ಯೆ ಬೇರೆ. ಎಸ್‌ಎಸ್‌ಎಸ್‌ಡಿ ಬಳಕೆದಾರನ ಯುಐಡಿಯನ್ನು (ಗುರುತಿನ ಸಂಖ್ಯೆ) ಡೊಮೇನ್ ಕೊಟ್ಟ ಎಸ್‌ಐಡಿ ಎಂಬ ಗುರುತಿನಿಂದ ಲೆಕ್ಕ ಹಾಕುತ್ತದೆ, ಮ್ಯಾಕ್ ಬೇರೊಂದು ಗುರುತಿನಿಂದ ಲೆಕ್ಕ ಹಾಕುತ್ತದೆ. ಸಾಮಾನ್ಯ ಎನ್‌ಎಫ್‌ಎಸ್ ನೋಡುವುದು ಆ ಸಂಖ್ಯೆಯನ್ನೇ. ಡೈರೆಕ್ಟರಿಯಲ್ಲಿ ಪ್ರತಿ ಖಾತೆಗೂ ಯುಐಡಿ, ಜಿಐಡಿ (ಗುಂಪಿನ ಸಂಖ್ಯೆ) ಸಂಖ್ಯೆಗಳನ್ನು ನೀವೇ ತುಂಬಿ, ಎಸ್‌ಎಸ್‌ಎಸ್‌ಡಿ ತಾನೇ ಸಂಖ್ಯೆ ಲೆಕ್ಕ ಹಾಕುವ ಐಡಿ ಮ್ಯಾಪಿಂಗ್ ನಿಲ್ಲಿಸಿ, ಮ್ಯಾಕ್‌ನ ಡೈರೆಕ್ಟರಿ ಯುಟಿಲಿಟಿಯಲ್ಲಿ ಅವೇ ಸಂಖ್ಯೆಗಳನ್ನು ಬಳಸುವಂತೆ ಸೂಚಿಸಿ. ಈಗಾಗಲೇ ಇರುವ ಫೈಲುಗಳ ಒಡೆತನವನ್ನು ಹೊಸ ಸಂಖ್ಯೆಗಳಿಗೆ ಬದಲಿಸಬೇಕಾಗುತ್ತದೆ. ಆ ಕೆಲಸವನ್ನು ಭಾನುವಾರ ಲ್ಯಾಬ್ ಖಾಲಿ ಇದ್ದಾಗ ಇಟ್ಟುಕೊಳ್ಳಿ.