ಒಂದು ರೂಪಾಯಿ ಬ್ಲಾಂಕ್ (ಅಚ್ಚು ಬೀಳದ ಬರೇ ಬಿಲ್ಲೆ) ಮ್ಯಾಲೆ ಎರಡು ರೂಪಾಯಿ ಅಚ್ಚು, ಆರು ಸಾವಿರಕ್ಕ ತೊಗೊಳ್ಲೇನ್ರಿ?

ಹಳೇ ಹುಬ್ಳಿ ಹೊಸಬ: ನಮಸ್ಕಾರ್ರಿ. 2014ರ ಎರಡು ರೂಪಾಯಿ, ಆದ್ರ ಸೈಜ್ ಒಂದು ರೂಪಾಯಿದು, ಸುತ್ತಲಿನ ಅಕ್ಷರ ಅರ್ಧಂಬರ್ಧ ಹೋಗ್ಯಾವು. ಮಾರಾವ 6,000 ಅಂತಾನ, ಸಂಜಿತನಕಾ ಟೈಮ್ ಕೊಟ್ಟಾನ. ಎರರ್ ಕಾಯಿನ್ (ಟಂಕಸಾಲ್ಯಾಗ ತಪ್ಪಾಗಿ ಅಚ್ಚಾದ ನಾಣ್ಯ) ತೊಗೊಂಡವ್ರು ಅನುಭವ ಹೇಳ್ರಿ.

ಮ್ಯಾಗ್ನೆಟ್ ಮಾಮಾ, ಗದಗ: ಕಿಸೆದಾಗ ಮ್ಯಾಗ್ನೆಟ್ ಇಲ್ದ ನಾ ಯಾವ ಡೀಲಿಗೂ ಕೂಡಂಗಿಲ್ಲ. ಒಬ್ಬಾಂವ ಅಮೆರಿಕದ 1943ರ ತಾಮ್ರದ ಸೆಂಟ್ ತಂದಿದ್ದ. ಯುದ್ಧಕ್ಕ ತಾಮ್ರ ಬೇಕಂತ ಆ ವರ್ಷ ಉಕ್ಕಿನ ಸೆಂಟ್ ಹೊಡದ್ರು, ಹಳೇ ಕಂಚಿನ ಬ್ಲಾಂಕ್ ಒಂದಿಷ್ಟು ಉಳದು ಅವೂ ಅಚ್ಚಾದ್ವು, ಈಗ ಅವು ಲಕ್ಷ ಡಾಲರ್ ದಾಟಿ ಹೋಗ್ಯಾವು. ಇಂವ "ಅಜ್ಜಾರ ಪೆಟ್ಟಿಗ್ಯಾಗ ಸಿಕ್ತು, ನಿಮಗಂತ 35,000" ಅಂದ. ಮ್ಯಾಗ್ನೆಟ್ ಹಿಡದೆ, ಟಪ್ ಅಂತ ಹತ್ತಿತು! ಉಕ್ಕಿನ ಸೆಂಟಿಗೆ ತಾಮ್ರದ ಪಾಲಿಶ್ ಹೊಡಿಸ್ಯಾರ. ಅಂವನ ಮಾರಿ ನೋಡ್ಬೇಕಿತ್ತು.

ಹಾವೇರಿ ತಕ್ಕಡಿ: ಮಾಮಾ, ಈ ಕಥಿ ಎಷ್ಟು ಸಲ ಹೇಳ್ತೀರಿ? 2011ರ ನಂತರದ್ದು ಒಂದೂ ಸ್ಟೀಲ್, ಎರಡೂ ಸ್ಟೀಲ್, ಮ್ಯಾಗ್ನೆಟ್ ಎರಡಕ್ಕೂ ಹತ್ತತೈತಿ. ಹಳೇ ಕಾಪರ್‌ನಿಕಲ್ ಎರಡು ರೂಪಾಯಿ ಇದ್ರ ಮಾತು ಬ್ಯಾರೆ, ಅದು ಹತ್ತಿದ್ರ ವಿಚಾರ ಮಾಡ್ಬೇಕು. ಇದನ್ನ ತೂಗಸ್ರಿ. ಒಂದರದ್ದು 3.79 ಗ್ರಾಂ, ಎರಡರದ್ದು 4.85. ನನ್ನ ಕಲೆಕ್ಷನ್ ಪೂರಾ ತೂಕದ ಮ್ಯಾಲೆ ನಿಂತೈತಿ.

ಧಾರವಾಡ ಪೇಢಾ: ತೂಕ ಅಂತ ತೂಕ! ನಾನೂ ಬಂಗಾರದಂಗಡ್ಯಾಗ ತೂಗಿಸೇ ತೊಗೊಂಡಿದ್ದೆ, ಇಂಥಾದ್ದ ಪೀಸು, 3.77 ಬಂತು. ನಾಣ್ಯ 4,800, ಖರೇನೋ ಖೋಟಾನೋ ನೋಡಿ ಹೇಳೋ ಗ್ರೇಡಿಂಗ್ ಫೀ 3,150, ಕೊರಿಯರ್ ಹೋಗಾಕ 640, ಬರಾಕ 640, ಇನ್ಶೂರನ್ಸ್ 200, ಆ ಪ್ಲಾಸ್ಟಿಕ್ ಡಬ್ಬಿಗೆ 90, ಒಟ್ಟು 9,520 ಹೋತು, ಮ್ಯಾಲೆ ಮನ್ಯಾಗ ಬೈಗುಳ. ತಿರುಗಿ ಬಂದ ಚೀಟ್ಯಾಗ ಏನಿತ್ತು? ಅಂಚು ತಿಕ್ಕಿದ್ದು! 25 ಮಿಲಿಮೀಟರ್ ನಾಣ್ಯ ಸುತ್ತಲೂ ತಿಕ್ಕಿ 22ಕ್ಕ ಇಳಿಸಿದ್ರ ತೂಕ ಎಷ್ಟಾಗ್ತತಿ ಲೆಕ್ಕ ಹಾಕ್ರಿ ತಕ್ಕಡಿ ಸಾಹೇಬ್ರ, ಹೆಚ್ಚುಕಮ್ಮಿ ಅಷ್ಟ ಬರ್ತೈತಿ. ಖರೇ ಪೀಸಿನಾಗ ಸಣ್ಣ ಬ್ಲಾಂಕ್ ದೊಡ್ಡ ಕಾಲರ್‌ನ್ಯಾಗ (ಬಿಲ್ಲೆ ಸುತ್ತ ಹಿಡಿಯೋ ಬಳಿ) ಸಡಿಲ ಕುಂತಿರ್ತೈತಿ, ಡೈ (ಅಚ್ಚು ಒತ್ತೋ ಮುದ್ರೆ) ಬಡದಾಗ ಲೋಹ ಹೊರಗ ಹರೀತೈತಿ, ಅಂಚಿನ ಅಕ್ಷರ ಎಳದಂಗ ಕಾಣ್ತಾವು, ಅಚ್ಚು ಒಂದ್ಕಡಿಗೆ ಸರದಿದ್ರೂ ಸರದಿರ್ತೈತಿ. ನಂದ್ರಾಗ ಅಕ್ಷರ ಕಡದಂಗ ತುಂಡು, ಲೆನ್ಸ್ ಹಿಡದ್ರ ಅಂಚಿಗೆ ಅರದ ಗೆರಿ. ಮಾರಿದಾಂವ ಫೋನ್ ಎತ್ತವಲ್ಲ.

ಹಾವೇರಿ ತಕ್ಕಡಿ: ಲೆನ್ಸ್ ಆಮ್ಯಾಲೆ ಹಿಡದ್ರ ತಕ್ಕಡಿ ಏನ್ ಮಾಡ್ತೈತ್ರೀ?

ಧಾರವಾಡ ಪೇಢಾ: 9,520 ನೀವು ಕೊಡ್ರಿ, ಆಮ್ಯಾಲೆ ಬುದ್ಧಿ ಹೇಳ್ರಿ.

ಮ್ಯಾಗ್ನೆಟ್ ಮಾಮಾ, ಗದಗ: ನಾ ಹೇಳಿದ್ದು ಸೆಂಟಿನ ಬಗ್ಗೆ, ಸುಮ್ನ ನನ್ನ ಮ್ಯಾಗ್ನೆಟ್ಟಿಗೆ ಯಾಕ ಬರ್ತೀರಿ?

ಮಿರ್ಚಿ ಭಜಿ: ನೀವು ಆರು ಸಾವಿರದ ಎರಡು ರೂಪಾಯಿಗೆ ಬಡದಾಡ್ರಿ, ಇಲ್ಲಿ ದುರ್ಗದ ಬೈಲ್ ಕಡೆ ಒಬ್ಬಾಂವ ಖರೇ ಹತ್ತು ರೂಪಾಯಿ ನಾಣ್ಯನ ತೊಗೊಳ್ಳವಲ್ಲ. 14 ಡಿಸೈನೂ ಚಲಾವಣೆ ಅಂತ ಆರ್‌ಬಿಐ 2018ರಾಗ ಹೇಳಿದ್ರೂ "ನಡೆಂಗಿಲ್ಲ ಅಣ್ಣಾ" ಅಂತಾನ.

ಹಳೇ ಹುಬ್ಳಿ ಹೊಸಬ: ಅಣ್ಣಾರ, ಐದೂವರಿ ಆತು, ಅಂವ ಫೋನ್ ಮಾಡಾಕತ್ತಾನ. ಅಂಚಿನ ಫೋಟೋ ಕೇಳ್ಲೇನು?

ಹಾವೇರಿ ತಕ್ಕಡಿ: ಮಿರ್ಚಿ ಅವ್ರ, ನಮ್ಮಲ್ಲಿ ಬಸ್ಸಿನಾಗ ಹತ್ತು ರೂಪಾಯಿ ನಾಣ್ಯ ಆರಾಮ ನಡೀತೈತಿ. ತಕರಾರು ನಿಮ್ಮ ಹುಬ್ಬಳ್ಳ್ಯಾಗ ಮಾತ್ರ.

ಮಿರ್ಚಿ ಭಜಿ: ಹುಬ್ಬಳ್ಳಿ ಸುದ್ದಿಗೆ ಬರಬ್ಯಾಡ್ರಿ!